ಯಳಂದೂರಿನ ಪುಸ್ತಕ ಬೇರೆ, ನಮ್ಮದು ಬೇರೆ

ಚಂದನಾ, ಕಿರಣಾ, ನಿನ್ನೆ ಸೀರೆಯ ಪೆಟ್ಟಿಗೆ ತೆಗೆದಾಗ ನುಸಿಗುಳಿಗೆಯ ವಾಸನೆ ಬಂತು. ಕೊಳ್ಳೇಗಾಲದ ಲೈಬ್ರರಿಯ ಬೀರುಗಳಲ್ಲೂ ಇದೇ ವಾಸನೆ... ನಿಮ್ಮ ತಾತ ತೀರಿಕೊಂಡ ಮೇಲೆ ನಾನು ಅಲ್ಲಿ ಕಸ ಗುಡಿಸುತ್ತಿದ್ದೆ. ಪುಸ್ತಕ ನೋಡಿಕೊಳ್ಳುತ್ತಿದ್ದ ಮೇಡಂ ನೆನಪಾದರು.

ನಾನು ಅಲ್ಲಿದ್ದಾಗ ಒಂದು ವರ್ಷ ಕೊಳ್ಳೇಗಾಲ, ಹನೂರು, ಯಳಂದೂರು ಮೂರೂ ಕಡೆಯ ಪುಸ್ತಕಗಳನ್ನು ಕಂಪ್ಯೂಟರಿನಲ್ಲಿ ಒಂದೇ ಪಟ್ಟಿಗೆ ಸೇರಿಸಿದರು. ಬರೆದವರು ಯಾರು, ಎಲ್ಲಿ ಅಚ್ಚಾಯಿತು, ಪುಟಗಳೆಷ್ಟು ಎಂದು ಪ್ರತಿಯೊಂದಕ್ಕೂ ತುಂಬಬೇಕಿತ್ತು. ತುಂಬದೆ ಬಿಟ್ಟರೆ, ಹೆಸರು ಒಂದೇ ಇರುವ ಎರಡು ಪುಸ್ತಕಗಳನ್ನು ಕಂಪ್ಯೂಟರ್ ಒಂದೇ ಎಂದು ತಿಳಿಯುತ್ತಿತ್ತು. ಆಗ ಹಳೆಯದು ರದ್ದಿಗೆ.

ನಮ್ಮಲ್ಲಿ ಮದುವೆಯಲ್ಲಿ ಹಾಡುವ ಸೋಬಾನೆ ಪದಗಳ ಹಳೆಯ ಪುಸ್ತಕವೊಂದಿತ್ತು. ಮೊದಲ ಹಾಳೆಗಳು ಹರಿದುಹೋಗಿದ್ದರಿಂದ ಬರೆದವರ ಹೆಸರೇ ಇಲ್ಲ. ಅದರಲ್ಲಿದ್ದವು ನನ್ನ ತವರು ಹೂಗ್ಯಂ ಕಡೆಯ ಪದಗಳು, ನನ್ನ ಅವ್ವ ಹಸೆಯ ಮುಂದೆ ಹಾಡುತ್ತಿದ್ದವು. ಊಟದ ಹೊತ್ತಿನಲ್ಲಿ ಅಕ್ಷರ ಕೂಡಿಸಿಕೊಂಡು ಓದುತ್ತಿದ್ದೆ. ಅದೇ ಹೆಸರಿನ ಪುಸ್ತಕ ಯಳಂದೂರಿನಲ್ಲೂ ಇತ್ತು. ಮೇಲಿನವರು ನಮ್ಮದನ್ನು ರದ್ದಿ ಮೂಟೆಗೆ ಹಾಕಿಸಿ ಸೀಲು ಒತ್ತಿಸಿದರು. ಪಟ್ಟಿ ತಿದ್ದದೆ ಮೂಟೆ ಬಿಚ್ಚುವಂತಿರಲಿಲ್ಲ.

ಬರೆದವರ ಹೆಸರಿಲ್ಲದಿದ್ದರೆ ಏನು ಮಾಡುವುದೆಂದು ಕೇಳಲು ಮೇಡಂ ಹನೂರಿನ ಲೈಬ್ರರಿಯವರಿಗೆ ಫೋನ್ ಮಾಡಿದರು. ಆ ಕಡೆಯ ಮಾತು ನನಗೂ ಕೇಳಿಸಿತು.

"ಯಾವ್ದಾರಾ ಒಂದ್ ಎಸ್ರು ತುಂಬ್ಬುಡಿ ಮೇಡಂ. ಪುಸ್ತಕಕ್ಕೇನ್ ಜಾತ್ಕ ಬರೀತಾ ಕೂತಿದ್ದೀರಾ?"

"ಸುಳ್ಳೆಸ್ರು ಆಕುದ್ರೆ ಮೂರೂರ್ಗೂ ಅದೇ ನಿಜ ಆಯ್ತದೆ ಸಾ. ಆಮೇಲೆ ತಿದ್ದೋರ್ಯಾರು?"

ಮೇಡಂ ಅಷ್ಟು ಹೇಳಿ ಫೋನ್ ಇಟ್ಟರು. ಮರುದಿನ ಯಳಂದೂರಿನ ಪುಸ್ತಕವನ್ನು ಕಣ್ಣಾರೆ ನೋಡಿಬರಲು ಬಸ್ಸು ಹತ್ತಿದರು. "ನಾ ಬರೋಗಂಟ ಮೂಟೆ ಕೊಡ್ಬ್ಯಾಡ ಕಣಕ್ಕಾ" ಎಂದಷ್ಟೇ ಹೇಳಿದ್ದರು.

ಅವರು ಬರುವ ಮೊದಲೇ ರದ್ದಿಯ ವ್ಯಾನು ಬಂತು, ಮೂಟೆ ಹೊರುವ ಇಬ್ಬರು ಇಳಿದರು. ಗಂಡಸರೆದುರು ಬಾಯಿ ಬಿಟ್ಟು ಗೊತ್ತಿಲ್ಲದವಳು ನಾನು. ಹೋಗಿ ಮೂಟೆಯ ಮೇಲೆ ಕೂತುಬಿಟ್ಟೆ.

"ಏಳಮ್ಮೋ! ಕೋಳಿ ಕಾವ್‌ಗೆ ಕೂತಂಗೆ ಕೂತಿದ್ದೀಯಲ್ಲ!"

"ಮರಿ ಆಗೋಗಂಟ ಏಳಾಕಿಲ್ವೇನೋ ಕಣ್ಲಾ" ಎಂದು ಇನ್ನೊಬ್ಬ ನಕ್ಕ.

ಎಳೆದು ಎಬ್ಬಿಸಿದರೆ ಏನು ಗತಿ, ಕೆಲಸ ಹೋದರೆ... ಸೆರಗು ಬಿಗಿಹಿಡಿದು ನೆಲ ನೋಡುತ್ತಿದ್ದೆ. ಅವರಲ್ಲೊಬ್ಬ ಮೂಟೆಯ ಕಿವಿಗೆ ಕೈ ಹಾಕಿದ. ಅಷ್ಟರಲ್ಲಿ ಮೇಡಂ ಏದುಸಿರು ಬಿಡುತ್ತಾ ಒಳಗೆ ಬಂದರು.

"ಬ್ಯಾರೆ ಕಣಕ್ಕಾ! ಅದ್ರಲ್ಲಿರೋ ಪದಗಳೇ ಬ್ಯಾರೆ!"

ಚಪ್ಪಲಿಯನ್ನೂ ಬಿಡದೆ ಕಂಪ್ಯೂಟರಿನ ಮುಂದೆ ಕೂತು, ನಮ್ಮ ಪುಸ್ತಕ ಮೂಟೆಗೆ ಹೋಗುವ ಮೊದಲೇ ಬರೆದಿಟ್ಟುಕೊಂಡಿದ್ದ ಚೀಟಿ ನೋಡಿ, ಪುಟಗಳೆಷ್ಟು, ಮೊದಲ ಪದ ಯಾವುದು, ಯಾವ ಸೀಮೆಯ ಹಾಡುಗಳು ಎಂದೆಲ್ಲ ತುಂಬಿದರು. ಬರೆದವರ ಜಾಗದಲ್ಲಿ, ಮೊದಲ ಹಾಳೆಗಳಿಲ್ಲ, ತಿಳಿದುಬಂದಿಲ್ಲ ಎಂದು ಬರೆದರು. ಆಮೇಲೆ ತಾವೇ ಮೂಟೆಯ ದಾರ ಕತ್ತರಿಸಿದರು.

ಪುಸ್ತಕ ಈಗಲೂ ಅಲ್ಲೇ ಇದೆ. ಮೇಡಂ ಇಲ್ಲ. ಅವರ ಕೊನೆಯ ದಿನಗಳಲ್ಲಿ ಆಸ್ಪತ್ರೆಗೆ ಹೋಗಿದ್ದೆ, ಕೈ ಹಿಡಿದುಕೊಂಡು ಕೂತೆ, ಒಂದು ಮಾತೂ ಆಡಲಾಗಲಿಲ್ಲ... ಆಡಬೇಕಾಗಿದ್ದನ್ನು ಇಲ್ಲಿ ಬರೆದಿದ್ದೇನೆ. ನಾನೂ ಹೋದ ಮೇಲೆ ಅವರ ಈ ಸಂಗತಿ ಹೇಳುವವರು ಯಾರು ಎಂಬ ಭಯ ನನಗೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನ ಮಾಡಿ. ಇವಕ್ಕೆ ಇನ್ನೊಂದು ಪ್ರತಿ ಯಾವ ಊರಿನಲ್ಲೂ ಇಲ್ಲ.