ನೆಗೆಣ್ಣಿಯ ಕಾಲುಕವಚ

ಮೊದಲು ಒಂದು ಸುಳ್ಳನ್ನು ತೆಗೆದುಹಾಕುತ್ತೇನೆ. ಇದನ್ನು ಈ ಹಿಂದೆ ಬರೆಯಲು ಕೂತಾಗಲೆಲ್ಲ, ಸಿಂಧನೂರಿನಲ್ಲಿ ನಾಟಕದ ಬಟ್ಟೆ ಬಾಡಿಗೆಗೆ ಕೊಡುವ ಅಂಗಡಿಗೆ ನಾನೊಬ್ಬಳೇ ಹೋಗಿದ್ದೆ ಎಂದು ಶುರು ಮಾಡಿದ್ದೇನೆ. ಒಬ್ಬ ಹೆಂಗಸು, ಒಂದು ಕನ್ನಡಿ, ತೂಗುಬಿದ್ದ ಕವಚಗಳು. ಓದಲು ಚೆಂದ. ಆದರೆ ಕನ್ನಡಿಯಲ್ಲಿ ಆಕೆಯೂ ಇದ್ದಳು. ಅವಳನ್ನು ಅಳಿಸಿದರೆ ಹೇಳುವುದಕ್ಕೇ ಏನೂ ಉಳಿಯುವುದಿಲ್ಲ.

ಆಕೆ ಅಂದರೆ ನನ್ನ ನೆಗೆಣ್ಣಿ, ಮೈದುನನ ಹೆಂಡತಿ. ನಾನು ಮಸ್ಕಿಯಲ್ಲಿ ಪ್ರಾಥಮಿಕ ಶಾಲೆಯ ಟೀಚರು. ಆಕೆ ಲಿಂಗಸುಗೂರಿನ ಆಸ್ಪತ್ರೆಯೊಂದರಲ್ಲಿ ನರ್ಸು, ದಿನಾ ಮಸ್ಕಿಯಿಂದ ಹೋಗಿಬರುತ್ತಾಳೆ. ಒಂದೇ ಮನೆ, ಒಂದೇ ಒಲೆ, ಇಬ್ಬರಿಗೂ ಒಬ್ಬಳೇ ಅತ್ತೆ.

ಈ ಮೂರೂ ಊರುಗಳ ಸುತ್ತಮುತ್ತಲಿನ ನೌಕರಿಯ ಹೆಂಗಸರು ಸೇರಿ ಒಂದು ನಾಟಕ ಆಡುವುದೆಂದಾಗಿತ್ತು. ಬರೆದವರೂ ಆಡಿಸುವವರೂ ಸಿಂಧನೂರಿನ ಒಬ್ಬ ನಿವೃತ್ತ ಡ್ರಾಯಿಂಗ್ ಮಾಸ್ತರರು. ನಮ್ಮ ಸೀಮೆಯದೊಂದು ಹಳೆಯ ಕೋಟೆ, ಹೊರಗೆ ಶತ್ರುವಿನ ದಂಡು, ಒಳಗೆ ಸೋಲುತ್ತಿರುವ ಕಿಲ್ಲೇದಾರ. ಪಾತ್ರಗಳೆಲ್ಲ ಗಂಡಸರವು, ಆಡುವವರೆಲ್ಲ ಹೆಂಗಸರು. ಕಿಲ್ಲೇದಾರನ ಪಾತ್ರಕ್ಕೆ ಮಾಸ್ತರರ ಮನಸ್ಸಿನಲ್ಲಿ ಇಬ್ಬರೇ ಇದ್ದೆವು, ನಾನು ಮತ್ತು ಆಕೆ. ಕೊನೆಯಲ್ಲಿ ಕಿಲ್ಲೇದಾರ ಒಂದು ಮೊಣಕಾಲೂರಿ ಕೋಟೆಯ ಕೀಲಿಯನ್ನು ನೆಲದ ಮೇಲಿಟ್ಟು, ಕೈ ಊರದೆ ಎದ್ದು ನಿಲ್ಲಬೇಕು. ಸೋತವನು ಹಾಗೆ ಎದ್ದರೇನೇ ಅದು ನಾಟಕ ಎಂದು ಮಾಸ್ತರರು ಹಟ ಹಿಡಿದಿದ್ದರು. ಕಾಲಿಗೆ ಕವಚ ಕಟ್ಟಿಕೊಂಡು ಯಾರು ಇದನ್ನು ಮಾಡಿ ತೋರಿಸುತ್ತಾರೋ ಪಾತ್ರ ಅವರದು.

ನನಗೆ ಅದು ಬೇಕಾಗಿತ್ತು. ಎಷ್ಟು ಬೇಕಾಗಿತ್ತೆಂದರೆ, ಮಕ್ಕಳಿಗೆ ಮಗ್ಗಿ ಹೇಳಿಕೊಡುವಾಗಲೂ ಮನಸ್ಸಿನಲ್ಲೇ ಮೊಣಕಾಲೂರುತ್ತಿದ್ದೆ. ಆಕೆ ಸೊಸೆಯಾಗಿ ಬಂದಮೇಲೆ ಆ ಮನೆಯಲ್ಲಿ ನಾನು ಮಾಡಿದ್ದೆಲ್ಲ ದಿನದ ಕೆಲಸವಾಯಿತು, ಆಕೆ ಮಾಡಿದ್ದೆಲ್ಲ ಸುದ್ದಿಯಾಯಿತು. ಆಕೆ ಜೋಳದ ರೊಟ್ಟಿ ಬಡಿದರೆ ಅತ್ತೆ ಓಣಿಯವರಿಗೆ ಹೇಳಿಬರುತ್ತಿದ್ದಳು. ನಾನು ಅಷ್ಟು ವರ್ಷ ಬಡಿದ ರೊಟ್ಟಿಗಳನ್ನು ಜನ ಸುಮ್ಮನೆ ತಿಂದಿದ್ದರು.

ಅಂಗಡಿಯಲ್ಲಿ ಕಾಲುಕವಚಗಳನ್ನು ಹಗ್ಗಕ್ಕೆ ನೇತುಹಾಕಿದ್ದರು. ನಮ್ಮ ಕಡೆಯ ಕಿಲ್ಲೇದಾರರು ನಿಜವಾಗಿ ಇಂಥದ್ದನ್ನು ತೊಡುತ್ತಿದ್ದರೇ ಎಂದು ನಾನು ಟೀಚರ ಗತ್ತಿನಲ್ಲಿ ಕೇಳಿದೆ. ಅಂಗಡಿಯ ಹೆಂಗಸು ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಾಟಕದಾಗ ಇದನ್ನ ತೊಡ್ತಾರ್ರೀ ಟೀಚರ್. ಲಡಾಯಿದಾಗ ಏನ್ ತೊಡ್ತಿದ್ರು ಅಂತ ನಂಗ್ಯಾಕ ಕೇಳ್ತೀರಿ," ಅಂದಳು. ನೆಗೆಣ್ಣಿ ನಕ್ಕಳು. ನಾನೂ ನಕ್ಕೆನೆಂದು ನೆನಪು, ಆದರೆ ಆ ನೆನಪನ್ನು ನಂಬುವುದಿಲ್ಲ.

ನನ್ನ ಕಣ್ಣಿಗೆ ಬಿದ್ದದ್ದು ಹೊಳೆಯುವ ತಗಡಿನ ಜೋಡಿ. ತೊಡೆಯಿಂದ ಪಾದದವರೆಗೆ ಮುಂದೂ ಹಿಂದೂ ಮುಚ್ಚುವಂಥದ್ದು, ಮೊಣಕಾಲ ಮೇಲೆ ಬಟ್ಟಲಿನಂಥ ಉಬ್ಬು, ಅದರ ಮೇಲೊಂದು ಸೂರ್ಯನ ಮುಖ. ಆಕೆ ಆರಿಸಿದ್ದು ಬಣ್ಣಗೆಟ್ಟ ತೊಗಲಿನದು. ಮುಂಭಾಗಕ್ಕಷ್ಟೇ ಮೂರು ತುಂಡು, ತೊಡೆಗೊಂದು, ಮೊಣಕಾಲಿಗೊಂದು, ಮೊಣಕಾಲ ಕೆಳಗೊಂದು. ಹಿಂದೆ ಬರೀ ಪಟ್ಟಿಗಳು. ಅದನ್ನು ಕಟ್ಟಿಕೊಂಡು ಸ್ಟೂಲಿನ ಮೇಲೆ ಕೂತಳು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತಳು, ಅಂಗಡಿಯ ಮೆಟ್ಟಿಲು ಹತ್ತಿ ಇಳಿದಳು. ನಾನು ಕನ್ನಡಿಯ ಮುಂದೆ ನಿಂತಿದ್ದೆ. ಕೂತಾಗ ತೊಡೆ ಅಗಲವಾಗುತ್ತದೆ ಎಂಬುದು ಹೆಂಗಸಾದ ನನಗೆ ಹೊಸ ಸಂಗತಿಯೇನಲ್ಲ. ಆದರೆ ಕನ್ನಡಿಯಲ್ಲಿ ಯಾರೂ ಕೂತಿರಲಿಲ್ಲ.

ಶಾಲೆ ಬಿಟ್ಟಮೇಲೆ ವರಾಂಡದಲ್ಲಿ ತಾಲೀಮು ಶುರುಮಾಡಿದೆ. ತಗಡು ಕೆಳಗೆ ಜಾರುತ್ತಿತ್ತು. ಮೀನಖಂಡದ ಪಟ್ಟಿ ಬಿಗಿದರೆ ಪಾದ ಜೋಮು ಹಿಡಿಯುತ್ತಿತ್ತು, ಸಡಿಲಿಸಿದರೆ ಕವಚ ಕಾಲಿನ ಗಿಣ್ಣಿನ ಮೇಲೆ ಬಂದು ಕೂರುತ್ತಿತ್ತು. ಕೊನೆಗೆ ಶಾಲೆಯ ಆಟದ ಕ್ಯಾನ್ವಾಸ್ ಬೂಟು ಹಾಕಿಕೊಂಡೆ. ಬೂಟಿನ ದಪ್ಪ ನಾಲಿಗೆ ತಗಡಿನ ಅಂಚನ್ನು ತಡೆದು ನಿಲ್ಲಿಸಿತು. ಮೊಣಕಾಲೂರಿದೆ, ಎದ್ದೆ. ಕಷ್ಟವಾಯಿತು, ಆದರೆ ಎದ್ದೆ. ಖಾಲಿ ವರಾಂಡದಲ್ಲಿ ನಾನು ಕಿಲ್ಲೇದಾರಳಾಗಿದ್ದೆ.

ಮನೆಯಲ್ಲಿ ಆಕೆಯದು ಬೇರೆಯದೇ ನಡೆದಿತ್ತು. ಕವಚವನ್ನು ಕಾಲು ಹಿಡಿದುಕೊಳ್ಳಬಾರದು, ನಡು ಹೊರಬೇಕು ಎಂದು ಆಕೆ ಕಂಡುಕೊಂಡಿದ್ದಳು. ಸೊಂಟಕ್ಕೊಂದು ಅಗಲ ಪಟ್ಟಿ, ಅದರಿಂದ ಇಳಿಬಿಟ್ಟ ಲಾಡಿಗಳು, ಲಾಡಿಗಳಿಗೆ ತೊಡೆಯ ತುಂಡು. ಒಳಗೆ ಚರ್ಮಕ್ಕೆ ತಾಗದಂತೆ ಕೌದಿಯ ಮೆತ್ತೆ.

ಆ ಕೌದಿಯ ವಿಷಯ ನನ್ನ ಹತ್ತಿರ ಎರಡು ಥರ ಇದೆ. ಒಂದರಲ್ಲಿ ನಾನು ಶಾಲೆಯಿಂದ ಬಂದಾಗ ಅತ್ತೆ ಅಂಗಳದಲ್ಲಿ ಕೂತು ತನ್ನ ತಾಯಿ ಹೊಲಿದ ಕೌದಿಗೆ ತಾನೇ ಕತ್ತರಿ ಹಾಕುತ್ತಿದ್ದಾಳೆ. ಇನ್ನೊಂದರಲ್ಲಿ ಕತ್ತರಿ ನೆಗೆಣ್ಣಿಯ ಕೈಯಲ್ಲಿದೆ, ಅತ್ತೆ ಬಟ್ಟೆಯನ್ನು ಬಿಗಿಯಾಗಿ ಎಳೆದು ಹಿಡಿದಿದ್ದಾಳೆ. ಎರಡನೆಯದು ನಿಜವಿರಬಹುದು. ನನಗೆ ಮೊದಲನೆಯದು ಬೇಕು, ಅದು ಹೆಚ್ಚು ನೋಯಿಸುತ್ತದೆ. ಅದೇ ಕೌದಿಯನ್ನು ನನ್ನ ಮಗಳು ಹಾಸ್ಟೆಲಿಗೆ ಹೋಗುವಾಗ ನಾನು ಕೇಳಿದ್ದೆ. ಅದು ಮನೆ ಬಿಟ್ಟು ಹೋಗುವಂಥದ್ದಲ್ಲ ಅಂದಿದ್ದಳು ಅತ್ತೆ. ಈಗ ಇದನ್ನು ಯಾಕೆ ಕತ್ತರಿಸಿದಿರಿ ಎಂದು ಕೇಳಿದಾಗ ತಲೆ ಎತ್ತದೆ ಹೇಳಿದಳು:

"ಹಳೀ ಕೌದಿ ಬೇ. ಪೆಟ್ಟಿಗ್ಯಾಗ ಇಟ್ಟು ಪೂಜಿ ಮಾಡಲೇನು? ತೊಗಲು ತಾಗಿ ಹುಡುಗಿ ಕಾಲು ಕೆತ್ತತಾವ."

ಹುಡುಗಿ. ನನ್ನ ಕಾಲಿನ ಮೇಲೆ ಆಗಲೇ ತಗಡು ಎರಡು ಕೆಂಪು ಗೆರೆ ಎಳೆದಿತ್ತು. ಸೀರೆ ಎತ್ತಿ ತೋರಿಸುವಷ್ಟು ಸಣ್ಣವಳಾಗಲು ನನ್ನಿಂದ ಆಗಲಿಲ್ಲ.

ಪರೀಕ್ಷೆಯ ದಿನ ಸಿಂಧನೂರಿನ ಒಂದು ಸಭಾಂಗಣದಲ್ಲಿ ಎಲ್ಲರೂ ಸೇರಿದ್ದೆವು. ಮಾಸ್ತರರು ದೀಪ ಹಚ್ಚಿ, ಕಾಯಿ ಒಡೆದು, ವೇದಿಕೆಯ ಅಂಚಿಗೆ ಕುಂಕುಮ ಇಟ್ಟರು. ಆಮೇಲೆ ನಮ್ಮ ಕಡೆ ತಿರುಗಿ, "ಇನ್ನ ಮ್ಯಾಲೆ ಇದು ರಂಗ. ಚಪ್ಪಲಿ, ಬೂಟು ಎಲ್ಲಾ ಕೆಳಗ ಬಿಡ್ರಿ," ಅಂದರು.

ಹುಟ್ಟಿದಾಗಿನಿಂದ ಚಪ್ಪಲಿ ಬಿಟ್ಟೇ ರಂಗ ಹತ್ತಿದವಳು ನಾನು. ಶಾಲೆಯ ವಾರ್ಷಿಕೋತ್ಸವದಲ್ಲಿ ಚಪ್ಪಲಿ ಹಾಕಿ ಮೇಲೆ ಬಂದ ಮಕ್ಕಳ ಕಿವಿ ಹಿಂಡಿದವಳೂ ನಾನೇ. ಆದರೂ ತಾಲೀಮಿನ ಅಷ್ಟೂ ದಿನ ಅದು ಹೊಳೆದಿರಲಿಲ್ಲ, ಯಾಕೆಂದರೆ ವರಾಂಡ ವರಾಂಡವಾಗಿತ್ತು. ಬೂಟು ಬಿಚ್ಚಿದೆ. ತಗಡಿನ ಅಂಚು ಬರಿಯ ಪಾದದ ಮೇಲೆ ಬಂದು ಕೂತಿತು.

ನಡೆದೆ. ಮಾತು ಹೇಳಿದೆ, ಚೆನ್ನಾಗಿಯೇ ಹೇಳಿದೆ. ಮೊಣಕಾಲೂರಿ ಕೀಲಿ ಇಟ್ಟೆ. ಏಳಲು ಹೋದರೆ ಕೆಳಗಿನ ಅಂಚು ಪಾದವನ್ನು ಕಚ್ಚಿತು, ಮೇಲಿನ ಅಂಚು ತೊಡೆಯ ಸಂದಿಗೆ ಒತ್ತಿತು. ಕೈ ತಾನಾಗಿ ನೆಲಕ್ಕೆ ಹೋಯಿತು. ದಂಡಿನ ಸಾಲಿನಲ್ಲಿದ್ದ ಬಳಗಾನೂರಿನ ಅಂಗನವಾಡಿ ಟೀಚರು, "ಕೀಲಿ ಜೋಡಿ ನೀವೂ ಅಲ್ಲೇ ಕುಂತ್ರಿ ಅಂದ್ರ ನಾಟಕ ಮುಗಿಯೂದಿಲ್ರೀ," ಅಂದಳು. ಎಲ್ಲರೂ ನಕ್ಕರು. ನೆಗೆಣ್ಣಿ ನಗಲಿಲ್ಲ. ನಕ್ಕಿದ್ದರೆ ನನಗೆಷ್ಟು ಅನುಕೂಲವಾಗುತ್ತಿತ್ತು.

ಆಮೇಲೆ ಆಕೆ. ಅನ್ನದ ಪಾತ್ರೆ ಒಲೆಯಿಂದ ಇಳಿಸುವಷ್ಟು ಸಲೀಸಾಗಿ ಮೊಣಕಾಲೂರಿದಳು. ಎದ್ದಳು. ತೊಗಲು ಅವಳ ಕಾಲಿನ ಜೊತೆಗೇ ಮಡಚಿ ಜೊತೆಗೇ ಬಿಚ್ಚಿಕೊಂಡಿತು. ಅದನ್ನು ವರ್ಣಿಸಲು ನನಗೆ ಇಷ್ಟವಿಲ್ಲ. ಮಾಸ್ತರರು ಬಾಯಿ ತೆರೆಯುವುದರೊಳಗೆ ಆಕೆಯೇ ಮಾತಾಡಿದಳು:

"ಸರ್, ಅಕ್ಕಾರ ಕಾಲಿಂದು ತಪ್ಪಲ್ರೀ, ತಗಡಿಂದು. ನಂದು ಅವರಿಗೆ ಕಟ್ಟಿ ಒಮ್ಮೆ ನೋಡ್ರಿ."

ಬೇಡವೆನ್ನಬಹುದಿತ್ತು. ಅಷ್ಟು ಜನರ ಎದುರಿಗೆ ಆಕೆ ನನ್ನ ಕಾಲ ಬಳಿ ಕೂತಳು, ತಗಡು ಬಿಚ್ಚಿದಳು. ಕೆಂಪು ಗೆರೆಗಳನ್ನು ನೋಡಿದಳು. ನಡುಪಟ್ಟಿ ಸುತ್ತಿ ಲಾಡಿ ಕಟ್ಟಿ, ಪ್ರತಿ ಪಟ್ಟಿಯ ಕೆಳಗೂ ಬೆರಳು ತೂರಿಸಿ ನೋಡಿದಳು, ಆಸ್ಪತ್ರೆಯಲ್ಲಿ ಬ್ಯಾಂಡೇಜಿನ ಕೆಳಗೆ ನೋಡುವ ಹಾಗೆ. "ಒಂದು ಬಟ್ಟು ಹೋಗಬೇಕ ಅಕ್ಕಾ. ಹೋಗಲಿಲ್ಲಂದ್ರ ಅದು ಬಿಗಿ." ಮೆತ್ತೆ ಇನ್ನೂ ಬೆಚ್ಚಗಿತ್ತು, ಅವಳ ಬೆವರಿನಿಂದ ಸ್ವಲ್ಪ ಹಸಿಯಾಗಿತ್ತು. ಎದ್ದು ನಿಂತೆ. ಭಾರ ಕಾಲು ಬಿಟ್ಟು ಎಲ್ಲೋ ಸೊಂಟಕ್ಕೆ ಹೋಗಿತ್ತು. ಅಂಥ ಸುಖ ಅವಳಿಗೆ ಇಷ್ಟು ದಿನವೂ ಇತ್ತಲ್ಲ ಎಂಬುದೇ ನನಗೆ ಮೊದಲು ಅನ್ನಿಸಿದ್ದು.

ಮೊಣಕಾಲೂರಿದೆ, ಕೀಲಿ ಇಟ್ಟೆ, ಕೈ ಊರದೆ ಎದ್ದೆ. ಮಾಸ್ತರರು ನನ್ನ ಕಡೆ ತಿರುಗಿ, ಇಬ್ಬರೂ ಏಳುತ್ತೀರೆಂದರೆ ಇನ್ನು ದನಿಯ ಪ್ರಶ್ನೆ, ದನಿ ನಿಮ್ಮದು, ಪಾತ್ರ ನಿಮ್ಮದು ಅಂದರು. ಚಪ್ಪಾಳೆ ಬಿತ್ತು. ಎಲ್ಲರಿಗಿಂತ ಮೊದಲು ಆಕೆಯದು.

ಬಿಚ್ಚಲು ಹತ್ತಿರ ಬಂದಳು. ಇರಲಿ, ಇನ್ನೊಮ್ಮೆ ಮಾಡುತ್ತೇನೆ ಎಂದೆ. ಮಾಡಿದೆ. ಮತ್ತೆ ಮಾಡಿದೆ. ಬಾಕಿಯವರು ಚಹಾಕ್ಕೆ ಹೋದರು. ಆಕೆ ವೇದಿಕೆಯ ಅಂಚಿನಲ್ಲಿ ಬರಿಗಾಲು ಇಳಿಬಿಟ್ಟು ಕೂತು ನನಗಾಗಿ ಕಾಯುತ್ತಿದ್ದಳು. ಪ್ರತಿ ಸಲ ಎದ್ದಾಗಲೂ ಅವಳ ಕಾಲು ನೋಡಿದೆ, ಎಲ್ಲಾದರೂ ಒಂದು ಕಲೆ, ಒಂದು ತರಚು. ಇರಲಿಲ್ಲ.

ಸಂಜೆಯ ಬಸ್ಸಿನಲ್ಲಿ, ನೀರು ನಿಂತ ಗದ್ದೆಗಳು ಹಿಂದೆ ಸರಿಯುತ್ತಿದ್ದಾಗ, ಕೇಳಿಯೇಬಿಟ್ಟೆ.

"ಖರೇ ಹೇಳು. ಆ ಪಾತ್ರ ನಿನಗ ಬೇಕಾಗಿತ್ತಿಲ್ಲೋ?"

"ನಂಗ್ಯಾಕ ಅಕ್ಕಾ? ಅಷ್ಟು ಮಾತು ಯಾರು ಬಾಯಿಪಾಠ ಮಾಡ್ತಾರ. ದಂಡಿನಾಗ ಒಂದು ಭರ್ಚಿ ಹಿಡಕೊಂಡು ನಿಂತ್ರ ಸಾಕು ನಂಗ. ನೀವು ಅಷ್ಟು ಆಸಿ ಮಾಡೀರಿ ಅಂತ ಅತ್ತಿನೂ ಹೇಳ್ತಿದ್ರು."

ಅಂದರೆ ಮನೆಯಲ್ಲಿ ಅದರ ಮಾತಾಗಿತ್ತು. ಅವರಿಬ್ಬರೂ ಕೂತು ನನ್ನ ಆಸೆಯನ್ನು ಮಾತಾಡಿದ್ದರು.

ಆಕೆ ಹೇಳಿದ್ದು ಸುಳ್ಳು ಎಂದು ಬರೆಯಲು ಬಹಳ ಪ್ರಯತ್ನಪಟ್ಟಿದ್ದೇನೆ. ಹೇಳುವಾಗ ಕಣ್ಣು ತಪ್ಪಿಸಿದಳು ಎಂದು ಒಂದು ಸಲ ಬರೆದೆ, ದನಿ ಸಣ್ಣದಾಯಿತು ಎಂದು ಇನ್ನೊಂದು ಸಲ. ಯಾವುದೂ ನಿಲ್ಲಲಿಲ್ಲ. ಆಕೆ ಅಷ್ಟು ಹೇಳಿ, ಆಕಳಿಸಿ, ನನ್ನ ಹೆಗಲ ಮೇಲೆ ತಲೆಯಿಟ್ಟು ನಿದ್ದೆ ಹೋದಳು. ಬೆಳಗಿನ ಡ್ಯೂಟಿ ಮುಗಿಸಿಕೊಂಡು ಬಂದವಳು. ಮಸ್ಕಿ ಬರುವವರೆಗೂ ನಾನು ಅಲುಗಾಡಲಿಲ್ಲ. ಪಾತ್ರ ನನಗೆ ಸಿಕ್ಕಿತ್ತು. ಆಕೆ ಏನನ್ನೂ ಕಳೆದುಕೊಂಡಿರಲಿಲ್ಲ. ಅದನ್ನು ಈಗಲೂ ನನ್ನಿಂದ ಸಹಿಸಲಾಗುತ್ತಿಲ್ಲ.