ತಡಿ ಮೇಡಂ ಅವರ ಕೊಕ್ಕರೆ ಕಾರು

ಸಿಗ್ನಲ್ ದಾಟಿದ ಕಾರೊಂದು ನಾಲ್ಕು ಮಾರು ಹೋಗಿ, ಮನೆಯಲ್ಲಿ ಏನೋ ಮರೆತು ಬಂದವರ ಹಾಗೆ ಅರೆಗಳಿಗೆ ತಡೆದು, ಆಮೇಲೆ ಮುಂದಕ್ಕೆ ಹೋಯಿತೆಂದರೆ ಅದನ್ನು ಓಡಿಸುತ್ತಿರುವವರು ನಮ್ಮ ಅತ್ತೆಯ ಹತ್ತಿರ ಡ್ರೈವಿಂಗ್ ಕಲಿತವರು ಎಂದು ನಾನು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಹಿಂದಿನವರು ಹಾರನ್ ಬಾರಿಸುತ್ತಾರೆ, ಬೈಯುತ್ತಾರೆ. ಇವರು ಕ್ಯಾರೇ ಅನ್ನುವುದಿಲ್ಲ. ಆ ಹೊತ್ತಿಗೆ ಅವರು ತಮ್ಮಷ್ಟಕ್ಕೆ ತಾವೇ "ತಡಿ" ಎಂದು ಹೇಳಿಕೊಳ್ಳುತ್ತಿರುತ್ತಾರೆ. ಈಗಿನ ಕಾರುಗಳಿಗೆ ಹಾಗೆ ತಡೆಯುವ ಅಗತ್ಯ ಒಂಚೂರೂ ಇಲ್ಲ. ಆದರೆ ಕೈಗೆ ಹತ್ತಿದ ಅಭ್ಯಾಸ ಸುಲಭಕ್ಕೆ ಬಿಟ್ಟುಹೋಗುವುದಿಲ್ಲ.

ಅದು ಕೊಕ್ಕರೆ ಕಾರಿನ ಪಾಠ. ಆ ಕಾರಿಗೆ ಕಂಪನಿಯವರು ಇಟ್ಟ ಉದ್ದನೆಯ ಹೆಸರೊಂದಿತ್ತು, ಯಾರ ನಾಲಿಗೆಯೂ ಅದಕ್ಕೆ ಹೊರಳಲಿಲ್ಲ. ಬಾನೆಟ್ಟಿನ ತುದಿಯಲ್ಲಿ ಒಂಟಿ ಕಾಲಿನ ಮೇಲೆ ನಿಂತ ಒಂದು ಹಿತ್ತಾಳೆಯ ಹಕ್ಕಿ ಇದ್ದುದರಿಂದ ಎಲ್ಲರ ಬಾಯಲ್ಲೂ ಅದು ಕೊಕ್ಕರೆಯಾಯಿತು. ನೋಡಲು ಗುಂಡುಗುಂಡಾಗಿ, ಕೂರಲು ಸುಖವಾಗಿ ಇದ್ದ ಕಾರಿಗೆ ಒಂದೇ ಒಂದು ಹಟವಿತ್ತು. ಒಂದನೇ ಗೇರಿನಿಂದ ಎರಡಕ್ಕೆ ಹೋಗುವಾಗ ಕ್ಲಚ್ ಪೂರ್ತಿ ಒತ್ತಿ, ಗೇರನ್ನು ನಡುವೆ ತಂದು, ಒಂದು ಉಸಿರು ಕಾದು, ಆಮೇಲೆ ಹಾಕಬೇಕು. ಕಾಯದೆ ತುರುಕಿದರೆ ಬೀದಿಯ ಆ ತುದಿಯವರೆಗೂ ಕೇಳುವ ಹಾಗೆ ಕಿರುಚುತ್ತಿತ್ತು.

ನಮ್ಮ ಅತ್ತೆ, ಅಂದರೆ ಅಪ್ಪನ ತಂಗಿ, ಈ ಕಾರು ಮಾರುವ ಷೋರೂಮಿನಲ್ಲಿ ಟೈಪಿಸ್ಟ್ ಆಗಿದ್ದಳು. ಮಾರುವವರು ಗಿರಾಕಿಗಳಿಗೆ ಗೇರಿನ ಒಳಗಿನ ಚಕ್ರಗಳ ಕಥೆಯನ್ನೆಲ್ಲ ಹೇಳಿ ಗಾಬರಿ ಹುಟ್ಟಿಸುತ್ತಿದ್ದರು. ಅತ್ತೆ ಒಮ್ಮೆ ಟೈಪ್ ಮಾಡುವುದನ್ನು ನಿಲ್ಲಿಸಿ, ಬರೀ "ತಡಿ ಅಂದ್ಕೊಳ್ಳಿ ಸಾರ್, ಅಷ್ಟೇ" ಎಂದಳಂತೆ. ಗಿರಾಕಿ ಹಾಗೇ ಅಂದುಕೊಂಡು ಓಡಿಸಿ, ಕೊಂಡೂ ಬಿಟ್ಟ. ಅಂದಿನಿಂದ ಹೊಸ ಮಾಲೀಕರಿಗೆ ಗೇರು ಹೇಳಿಕೊಡುವ ಕೆಲಸ ಅವಳ ಪಾಲಿಗೆ ಬಂತು. ಮುಂದೆ ಹಗುರವಾದ, ಹಟವಿಲ್ಲದ ಕಾರುಗಳು ಬಂದವು. ಕೊಕ್ಕರೆ ಕಂಪನಿ ಬಾಗಿಲು ಹಾಕಿತು. ಷೋರೂಮ್ ಮುಚ್ಚುವಾಗ, ಜನರನ್ನು ಹತ್ತಿಸಿ ತೋರಿಸುತ್ತಿದ್ದ ಕಾರನ್ನು ಮಾಲೀಕರು ಅಗ್ಗಕ್ಕೆ ಅತ್ತೆಗೇ ಕೊಟ್ಟರು. ಕೆಲಸ ಹೋಯಿತು, ಕಾರು ಉಳಿಯಿತು. ಅತ್ತೆ ಅದರ ಮೇಲೊಂದು ಬೋರ್ಡು ಕಟ್ಟಿ ಡ್ರೈವಿಂಗ್ ಕ್ಲಾಸು ತೆರೆದಳು. ಊರು ಅವಳನ್ನು ತಡಿ ಮೇಡಂ ಎಂದು ಕರೆಯತೊಡಗಿತು.

ಅವಳ ಗಂಡ, ನಮ್ಮ ಮಾವ, ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಕಾಲರ್ ಹೊಲಿಯುವುದರಲ್ಲಿ ಎತ್ತಿದ ಕೈ. ಮಾತು ಮಾತ್ರ ಅಳೆದು ಕತ್ತರಿಸಿದ ಹಾಗೆ, ಬೇಕಾದಷ್ಟೇ. ಕೋಟಿನ ಬಟ್ಟೆ ಉಳಿದಾಗಲೆಲ್ಲ ಕೂಡಿಸಿಟ್ಟು ಕಾರಿನ ಸೀಟುಗಳಿಗೆ ಕವರು ಹೊಲಿದಿದ್ದರು. ಊರಿನ ದೊಡ್ಡ ಮನುಷ್ಯರ ಮೈಮೇಲೆ ಇರುವ ಬಟ್ಟೆಯೆಲ್ಲ ನಮ್ಮ ಸೀಟಿನ ಮೇಲೂ ಇದೆ ಎಂದು ಅತ್ತೆ ಜಂಬ ಕೊಚ್ಚುತ್ತಿದ್ದಳು. ಇಡೀ ಊರಿಗೆ ಡ್ರೈವಿಂಗ್ ಕಲಿಸಿದವಳ ಗಂಡನಿಗೆ ಡ್ರೈವಿಂಗ್ ಬರುತ್ತಿರಲಿಲ್ಲ. ಕಲಿಯಲು ಅವರು ಕೇಳಲೂ ಇಲ್ಲ. ಭಾನುವಾರ ಸಂಜೆ ಅಂಗಡಿಗೆ ಬೀಗ ಹಾಕಿ, ಅಂಗಿ ಬದಲಿಸಿ, ಕಾರಿನ ಹತ್ತಿರ ಬಂದು ನಿಲ್ಲುತ್ತಿದ್ದರು. ಅತ್ತೆ ಊರಾಚೆಯ ಸೇತುವೆಯವರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದಳು. ಮಳೆ ಬರಲಿ, ಜ್ವರ ಬರಲಿ, ಅದು ತಪ್ಪುತ್ತಿರಲಿಲ್ಲ.

ಕೊಕ್ಕರೆಯವರದೇ ಒಂದು ಜಾತಿ ಇತ್ತು. ದಾರಿಯಲ್ಲಿ ಎರಡು ಕೊಕ್ಕರೆಗಳು ಎದುರಾದರೆ ನಿಲ್ಲಲೇಬೇಕು, ಬಾನೆಟ್ ಎತ್ತಲೇಬೇಕು. ಒಳಗೆ ತಲೆ ಹಾಕಿ ನಿಂತ ಗಂಡಸರನ್ನು ಹೊರಗೆಳೆಯುವಷ್ಟರಲ್ಲಿ ಹೆಂಡತಿಯರಿಗೆ ಸಾಕುಸಾಕಾಗುತ್ತಿತ್ತು. ಕಾರು ಕೆಟ್ಟಿತು ಎಂದು ಅವರು ಯಾವತ್ತೂ ಹೇಳುವವರಲ್ಲ. ಮುನಿಸಿಕೊಂಡಿದೆ ಎನ್ನುತ್ತಿದ್ದರು. ಕಂಪನಿ ಮುಚ್ಚಿದ ಮೇಲೆ ಯಾರದಾದರೂ ಕಾರು ಪೂರ್ತಿ ಕೈಕೊಟ್ಟರೆ ಉಳಿದವರು ಸೇರಿ ಅದರ ಸಾಮಾನು ಹಂಚಿಕೊಳ್ಳುತ್ತಿದ್ದರು. ಹಾಗೆ ಬಂದ ಸಾಮಾನಿಗೆ ಹಳೆಯ ಮಾಲೀಕರ ಹೆಸರೇ ಖಾಯಂ. ಅತ್ತೆಯ ಕಾರಿನಲ್ಲಿ ಫೋಟೋ ಸ್ಟುಡಿಯೋದವರ ಬಾಗಿಲಿತ್ತು, ಲೈಬ್ರರಿಯವರ ವೈಪರಿತ್ತು. ಮಳೆಗಾಲದಲ್ಲಿ ವೈಪರು ಕಿರಿಕಿರಿ ಮಾಡಿದರೆ, ಲೈಬ್ರರಿಯವರು ಬದುಕಿದ್ದಾಗಲೂ ಹೀಗೇ ಗೊಣಗುತ್ತಿದ್ದರು ಎಂದು ಅತ್ತೆ ನಗುತ್ತಿದ್ದಳು.

ಹೀಗೆ ಹಂಚಿ ಹಂಚಿ ಕೊನೆಗೆ ಊರಿನಲ್ಲಿ ಎರಡೇ ಕೊಕ್ಕರೆ ಉಳಿದವು. ಒಂದು ಅತ್ತೆಯದು, ಇನ್ನೊಂದು ಹಲ್ಲಿನ ಡಾಕ್ಟರದು. ಡಾಕ್ಟರು ಅತ್ತೆಯ ಮೊದಮೊದಲ ಶಿಷ್ಯರಲ್ಲಿ ಒಬ್ಬರು. ಹಲ್ಲು ಕೀಳುವ ಮುಂಚೆ ಕೂಡ ಅಭ್ಯಾಸಬಲದಿಂದ "ತಡಿ" ಅನ್ನುತ್ತಿದ್ದರು. ತನಗೇ ಹೇಳಿದ್ದೆಂದು ತಿಳಿದು ರೋಗಿ ಕುರ್ಚಿಯಲ್ಲಿ ಕಲ್ಲಾಗಿ ಕೂರುತ್ತಿದ್ದ, ಕೆಲಸ ಸಲೀಸಾಗುತ್ತಿತ್ತು.

ಮಾವ ತೀರಿಕೊಂಡ ವರ್ಷ ಅತ್ತೆ ಕ್ಲಾಸು ನಿಲ್ಲಿಸಿದಳು, ನಾನು ಅವಳ ಜೊತೆಗಿರಲು ಬಂದೆ. ಕಾರಿನ ಬೋರ್ಡು ಬಿಚ್ಚಿದಳು. ಭಾನುವಾರದ ಸೇತುವೆ ಮಾತ್ರ ಬಿಡಲಿಲ್ಲ, ಒಬ್ಬಳೇ ಹೋಗಿ ಬರುತ್ತಿದ್ದಳು. ಸ್ಟೀರಿಂಗ್ ಬೇರೆಯವರ ಕೈಗೆ ಕೊಡುತ್ತಿರಲಿಲ್ಲ. ಅಷ್ಟು ವಯಸ್ಸಾದವಳು ಒಬ್ಬಳೇ ಯಾಕೆ ಹೋಗಬೇಕು ಎಂದು ನಾನು ರೇಗಿದರೆ, ಕಾರು ನಿಂತ ದಿನ ನಿಮ್ಮ ಮಾವ ಇನ್ನೊಂದು ಸಲ ಹೋದ ಹಾಗೆ ಎಂದಳು. ಅವಳಿಗೆ ಮಾವ ಉಳಿದಿದ್ದು ಫೋಟೋದಲ್ಲಲ್ಲ, ಆ ಸೀಟುಗಳ ಮೇಲೆ, ಆ ದಾರಿಯಲ್ಲಿ. ಅದನ್ನು ಕಳೆದುಕೊಳ್ಳಲು ಅವಳು ತಯಾರಿರಲಿಲ್ಲ.

ಕಾರು ಕಿರುಚತೊಡಗಿದ್ದು ಆಮೇಲೆ. ಒಂದರಿಂದ ಎರಡಕ್ಕೆ ಹೋಗುವಾಗಲೆಲ್ಲ ಬೀದಿಯವರು ಕಿಟಕಿಗೆ ಬಂದು ನೋಡುವ ಹಾಗೆ ಕಿರುಚುತ್ತಿತ್ತು. ಅತ್ತೆಯ ಮುಖ ಸಣ್ಣದಾಗುತ್ತಿತ್ತು. ತಡಿ ಮೇಡಂ ಗೇರು ಕಿರುಚಿಸುವುದೆಂದರೆ ಸಂಗೀತದ ಮೇಷ್ಟ್ರು ಅಪಸ್ವರ ಹಾಡಿದ ಹಾಗೆ. ಗ್ಯಾರೇಜಿನ ಮೇಸ್ತ್ರಿ ಬಂದು, ಅವಳು ಓಡಿಸುವಾಗ ರಸ್ತೆ ಬದಿ ನಿಂತು ಕಿವಿಗೊಟ್ಟು ಕೇಳಿ, ಎರಡನೇ ಗೇರಿನ ಹಲ್ಲು ಸವೆದಿದೆ ಎಂದ. ಬಿಚ್ಚಿ ನೋಡಲು ಅವನಿಗೆ ಧೈರ್ಯವಿರಲಿಲ್ಲ. ಬಿಚ್ಚಿದರೆ ಮತ್ತೆ ಮುಚ್ಚಲು ಬೇಕಾದ ಸಾಮಾನು ಎಲ್ಲೂ ಸಿಗುತ್ತಿರಲಿಲ್ಲ. ಬೇರೆ ಗೇರ್‌ಬಾಕ್ಸ್ ಇರುವುದು ಡಾಕ್ಟರ ಕಾರಿನಲ್ಲಿ ಮಾತ್ರ. ಹಲ್ಲಿನ ವಿಷಯಕ್ಕೆ ಹಲ್ಲಿನ ಡಾಕ್ಟರನ್ನೇ ಕೇಳಬೇಕಾಯಿತಲ್ಲ ಎಂದು ನಾನು ನಕ್ಕೆ. ಅತ್ತೆ ನಗಲಿಲ್ಲ.

ಡಾಕ್ಟರ ಕಷ್ಟ ಬೇರೆಯೇ ಇತ್ತು. ಅವರ ಕಾರಿನ ಇಂಜಿನ್ ಬಿರುಕು ಬಿಟ್ಟು ಶೆಡ್ಡಿನಲ್ಲಿ ಮಲಗಿತ್ತು. ಅತ್ತೆ ಗೇರ್‌ಬಾಕ್ಸ್ ಕೇಳಲು ಹೊರಡುವ ಮೊದಲೇ ಅವರು ಇಂಜಿನ್ ಕೇಳಲು ನಮ್ಮ ಮನೆಗೆ ಬಂದರು. ಇಬ್ಬರೂ ಎದುರುಬದುರು ಕೂತು, ಕಾಫಿ ಕುಡಿದು, ಹವೆಯ ಬಗ್ಗೆ ಮಾತಾಡಿ, ಡಾಕ್ಟರ ಮೊಮ್ಮಕ್ಕಳ ಬಗ್ಗೆ ಮಾತಾಡಿ, ಕೊನೆಗೆ ಒಬ್ಬರನ್ನೊಬ್ಬರು ಕೇಳಿಬಿಟ್ಟರು. ಎರಡು ಕಾರು ಸೇರಿ ಒಂದೇ ಆಗಬಲ್ಲದು ಎಂದು ಇಬ್ಬರಿಗೂ ಗೊತ್ತಿತ್ತು. ಅದು ಯಾರದಾಗಬೇಕು ಎನ್ನುವುದೇ ಪ್ರಶ್ನೆ. ಡಾಕ್ಟರು ಗೌರವ ಬಿಡಲಿಲ್ಲ, ಹಟವನ್ನೂ ಬಿಡಲಿಲ್ಲ. ಹೊರಡುವಾಗ, ಕೊಡುವುದು ಬಿಡುವುದು ಆಮೇಲಿರಲಿ, ಒಂದು ಸಲ ಓಡಿಸಿ ನೋಡಲು ಬಿಡುತ್ತೀರಾ ಮೇಡಂ, ಸ್ಟೀರಿಂಗ್ ಮುಟ್ಟದೆ ತುಂಬಾ ದಿನವಾಯಿತು ಎಂದರು. ಆ ದನಿಯಲ್ಲಿದ್ದ ಆಸೆಯನ್ನು ಅತ್ತೆ ಬಲ್ಲಳು. ಇಲ್ಲ ಅನ್ನಲು ಅವಳಿಂದ ಆಗಲಿಲ್ಲ.

ಶಾಲೆಯ ಮೈದಾನಕ್ಕೆ ಹೋದೆವು. ಅಲ್ಲಿಯವರೆಗೆ ಅತ್ತೆಯೇ ಓಡಿಸಿದಳು, ಕಾರು ಎಂದಿನಂತೆ ಕಿರುಚಿತು. ಮೈದಾನದಲ್ಲಿ ಡಾಕ್ಟರು ಸ್ಟೀರಿಂಗ್ ಹಿಡಿದರು, ಅತ್ತೆ ಪಕ್ಕದಲ್ಲಿ ಕೂತಳು, ನಾನು ಗೇಟಿನ ಬಳಿ ನಿಂತೆ. ಕಾರು ಹೊರಟಿತು. ಡಾಕ್ಟರ ತುಟಿ ಅಲುಗಿದ್ದು ನನಗೆ ಕಂಡಿತು. ಕಾರು ಅರೆಗಳಿಗೆ ತಡೆಯಿತು, ಎರಡನೇ ಗೇರು ಬಿತ್ತು. ಸದ್ದೇ ಇಲ್ಲ. ನಿಲ್ಲಿಸಿ ಮತ್ತೆ ಹೊರಟರು. ಮತ್ತೆ ಸದ್ದಿಲ್ಲ. ಮೈದಾನ ಸುತ್ತಿ ಸುತ್ತಿ ಬಂದರು, ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಗೇರು ಬೀಳುತ್ತಿತ್ತು.

ಅವರಿಬ್ಬರೂ ಇಳಿದಾಗ ಡಾಕ್ಟರಿಗೆ ಎಲ್ಲ ಅರ್ಥವಾಗಿತ್ತು. ಆದರೂ ಇವತ್ತೇನೋ ಕಾರು ಮುನಿಸು ಬಿಟ್ಟಿದೆ ಮೇಡಂ ಎಂದು ಎಲ್ಲೋ ನೋಡುತ್ತಾ ಅಂದರು. ಅತ್ತೆ ಬಾಗಿಲು ಹಿಡಿದು ನಿಂತು ಬಲು ಮೆಲ್ಲಗೆ ಹೇಳಿದಳು.

"ಗೇರಿಗೆ ಏನೂ ಆಗಿಲ್ಲ ಡಾಕ್ಟ್ರೇ. ನನ್ನ ಕಾಲು ಕ್ಲಚ್ಚನ್ನ ಪೂರ್ತಿ ಒತ್ತುತಾ ಇಲ್ಲ."

ಮಂಡಿನೋವು ಇದೆ ಎಂದು ನಮಗೆಲ್ಲ ಗೊತ್ತಿತ್ತು. ಅದು ಇಷ್ಟರಮಟ್ಟಿಗೆ ಎಂದು ಅವಳಿಗೇ ಗೊತ್ತಿರಲಿಲ್ಲ. ಅವಳು ತನ್ನ ಲೆಕ್ಕಕ್ಕೆ ಪೂರ್ತಿ ಒತ್ತುತ್ತಲೇ ಇದ್ದಳು, ತಡಿ ಅನ್ನುತ್ತಲೇ ಇದ್ದಳು. ಕಾರು ನಿಜ ಹೇಳುತ್ತಿತ್ತು, ನಾವೆಲ್ಲ ಕಾರಿನದೇ ತಪ್ಪೆಂದೆವು.

ಆ ವಾರವೆಲ್ಲ ಅತ್ತೆ ಕುರ್ಚಿಯಲ್ಲಿ ಕೂತು ಎದುರಿನ ಗೋಡೆಯನ್ನು ಕಾಲಿನಿಂದ ಒತ್ತಿ ಒತ್ತಿ ನೋಡುತ್ತಿದ್ದಳು. ನನಗೆ ನೋಡಲಾಗಲಿಲ್ಲ. ನಾನೇ ಕಲಿಯುತ್ತೇನೆ, ನಾನೇ ಸೇತುವೆಗೆ ಕರೆದುಕೊಂಡು ಹೋಗುತ್ತೇನೆ ಎಂದೆ. ಅವಳು ಬಹಳ ದಿನಗಳ ಮೇಲೆ ನಕ್ಕು, ಹಾಲು ಕಾಯುವವರೆಗೆ ಒಲೆ ಮುಂದೆ ನಿಲ್ಲದವಳು ನೀನು, ನಿನ್ನ ಕೈಗೆ ಕೊಕ್ಕರೆ ಕೊಟ್ಟರೆ ಅದು ದೇವರ ಪಾದ ಸೇರುತ್ತದೆ ಎಂದಳು. ಮಾತು ನಿಜ, ಆದರೂ ಸಿಟ್ಟು ಬಂತು. ಆಮೇಲೆ ಅವಳು ಕಾರಿನ ಒಳಗೆ ಹೋಗಿ ಬಾಗಿಲು ಹಾಕಿಕೊಂಡು ಸುಮಾರು ಹೊತ್ತು ಕೂತಿದ್ದು, ಬಂದು ಡಾಕ್ಟರಿಗೆ ಫೋನ್ ಮಾಡಿದಳು.

ಅವರು ಓಡಿ ಬಂದರು. ಇಂಜಿನ್ ಬೇಡ ಮೇಡಂ, ನಿಮ್ಮ ಕಾರು ನಿಮ್ಮ ಹತ್ತಿರವೇ ಇರಲಿ ಎಂದು ಬಾಗಿಲಲ್ಲೇ ಶುರುಮಾಡಿದರು. ಅತ್ತೆ ಅವರ ಕೈಗೆ ಕೀ ಇಟ್ಟಳು.

"ಬಿಚ್ಚೋ ಹಾಗಿಲ್ಲ. ಹಾಗೇ ಇಡಿಯಾಗಿ ತಗೊಂಡು ಹೋಗಿ. ಸಾಮಾನು ಬೇಕಾದ್ರೆ ನಿಮ್ಮ ಕಾರಿಂದ ಇದಕ್ಕೆ ಹಾಕಿ."

ಡಾಕ್ಟರು ಕೀ ಹಿಡಿದು ನಿಂತೇ ಇದ್ದರು. ತಮ್ಮ ಕಾರನ್ನು ತಾವೇ ಬಿಚ್ಚಬೇಕು ಎನ್ನುವುದು ಅವರಿಗೂ ಸಣ್ಣ ಮಾತಲ್ಲ. ಕೊನೆಗೆ ಕನ್ನಡಕ ತೆಗೆದು ಒರೆಸಿ, ಆಗಲಿ ಮೇಡಂ ಎಂದರು.

ಕಾರು ಬೀದಿಯ ತಿರುವು ದಾಟುವವರೆಗೂ ಅತ್ತೆ ಗೇಟಿನಲ್ಲಿ ನಿಂತಿದ್ದಳು. ಅಳಲಿಲ್ಲ. ನಮ್ಮ ಶೆಡ್ಡಿನ ನೆಲದ ಎಣ್ಣೆ ಕಲೆಯನ್ನು ನಾನು ತೊಳೆಯಲು ಹೋದಾಗ ಮಾತ್ರ ಬಕೆಟ್ಟು ಕಿತ್ತುಕೊಂಡಳು. ಸಂಜೆಯಾದರೆ ಅವಳ ಕಿವಿ ರಸ್ತೆಯ ಕಡೆಗೇ ಇರುತ್ತಿತ್ತು. ಇಷ್ಟು ದೊಡ್ಡ ಊರಿನ ಇಷ್ಟೊಂದು ವಾಹನಗಳ ಸದ್ದಿನಲ್ಲಿ ಅವಳಿಗೆ ಬೇಕಾದ ಒಂದು ಸದ್ದು ಇರಲಿಲ್ಲ.

ಮುಂದಿನ ಭಾನುವಾರ ಅದು ಬಂತು. ಡಾಕ್ಟರು ಕಾರು ತೊಳೆದು ತಂದಿದ್ದರು, ಹಿತ್ತಾಳೆ ಹಕ್ಕಿ ಫಳಫಳ ಹೊಳೆಯುತ್ತಿತ್ತು. ಸೇತುವೆಗೆ ಹೋಗಿ ಬರೋಣ ಎಂದರು. ಅವರು ಮುಂದಿನ ಬಾಗಿಲು ತೆರೆದು ನಿಂತರೂ ಅತ್ತೆ ಹತ್ತಲಿಲ್ಲ. ಕಲಿಸುವವರಿಗೆಂದು ಪಕ್ಕದ ಸೀಟಿನ ಮುಂದೆ ಕೂರಿಸಿದ್ದ ಇನ್ನೊಂದು ಬ್ರೇಕು ಅಲ್ಲೇ ಇತ್ತು. ಅಲ್ಲಿ ಕೂತರೆ ನನ್ನ ಕಾಲು ಸುಮ್ಮನಿರುವುದಿಲ್ಲ, ದಾರಿಯುದ್ದಕ್ಕೂ ನಿಲ್ಲಿಸಿಬಿಡುತ್ತೇನೆ ಎಂದು ನನ್ನನ್ನು ಮುಂದೆ ಕೂರಿಸಿ ತಾನು ಹಿಂದೆ ಹೋಗಿ ಕೂತಳು. ತನ್ನ ಕಾರಿನ ಹಿಂದಿನ ಸೀಟಿನಲ್ಲಿ ಅವಳು ಕೂತದ್ದು ಅದೇ ಮೊದಲು.

ಊರು ದಾಟಿದ ಮೇಲೆ ತಿರುಗಿ ನೋಡಿದೆ. ಅವಳು ಹೊರಗೆ ನೋಡುತ್ತಿರಲಿಲ್ಲ. ಮುಂದಿನ ಗಾಜಿನ ಮೇಲೆ ತೂಗುವ ಪುಟ್ಟ ಕನ್ನಡಿಯನ್ನೇ ನೋಡುತ್ತಿದ್ದಳು. ಅದರಲ್ಲಿ ಡಾಕ್ಟರ ಮುಖ ಕಾಣುತ್ತಿತ್ತು, ರಸ್ತೆಯ ಮೇಲೆ ನೆಟ್ಟ ಕಣ್ಣು, ಹಣೆಯ ಬೆವರು ಎಲ್ಲ.

"ನಿಮ್ಮ ಮಾವ ಯಾವಾಗ್ಲೂ ಇಲ್ಲೇ ಕೂರ್ತಿದ್ರು ಕಣೇ. ಮುಂದೆ ಬನ್ನಿ, ಜನ ನನ್ನ ನಿಮ್ಮ ಡ್ರೈವರ್ ಅಂದ್ಕೋತಾರೆ ಅಂತ ಎಷ್ಟು ಬೈದಿದೀನಿ. ಇಲ್ಲೇ ಚೆನ್ನಾಗಿದೆ ಅನ್ನೋರು."

ಡಾಕ್ಟರು ಕಾರನ್ನು ನಿಧಾನ ಮಾಡಿದರು. ಅತ್ತೆ ಮಾವ ಹೊಲಿದ ಕವರಿನ ಮೇಲೆ ಕೈಯಾಡಿಸುತ್ತಾ, ಕನ್ನಡಿಯಿಂದ ಕಣ್ಣು ತೆಗೆಯದೆ ಹೇಳಿದಳು.

"ಅಷ್ಟು ವರ್ಷ ಅವರು ನನ್ನ ನೋಡ್ತಾ ಕೂತಿದ್ರು. ನಾನು ರಸ್ತೆ ನೋಡ್ತಾ ಇದ್ದೆ."