ಕುರಿಹಿಂಡಿನ ಷರತ್ತು

ಚಳ್ಳಕೆರೆಯಲ್ಲಿರುವ ಗಾಳಿಯಂತ್ರ ಕಂಪನಿಯೊಂದರ ಕಚೇರಿಯಲ್ಲಿ ಕರಾರುಗಳನ್ನು ಬರೆಯುವುದು, ಅವು ಪಾಲನೆಯಾಗುತ್ತಿವೆಯೇ ಎಂದು ನೋಡುವುದು ನನ್ನ ಕೆಲಸ. ಈ ಕಸುಬಿನವರಿಗೆ ಒಂದು ಸಂಘವಿದೆ. ಪರೀಕ್ಷೆ ನಡೆಸುತ್ತದೆ, ಪ್ರಮಾಣಪತ್ರ ಕೊಡುತ್ತದೆ, ಹೊಸಬರಿಗೆ ಹಳಬರನ್ನು ಮಾರ್ಗದರ್ಶಕರಾಗಿ ಗೊತ್ತುಮಾಡುತ್ತದೆ. ನನ್ನ ಪಾಲಿಗೆ ಬಂದವಳು ನಮ್ಮದೇ ಕಚೇರಿಯ ತಾತ್ಕಾಲಿಕ ನೌಕರಳು, ಮೊಳಕಾಲ್ಮೂರು ಬಳಿಯ ಸಿದ್ದಾಪುರದ ಕುರಿಗಾಹಿಯ ಮಗಳು. ಪ್ರಮಾಣಪತ್ರ ತಂದರೆ ಕಾಯಂ ಮಾಡುವುದಾಗಿ ಕಂಪನಿ ಹೇಳಿತ್ತು.

ಗಾಳಿಯಂತ್ರದ ರೆಕ್ಕೆ ಹೊತ್ತ ಉದ್ದನೆಯ ಲಾರಿಗಳು ಮೊಳಕಾಲ್ಮೂರು ರಸ್ತೆಯಲ್ಲಿ ಕುರಿಹಿಂಡು ದಾಟುವವರೆಗೆ ನಿಲ್ಲಬೇಕಾಗುತ್ತಿತ್ತು. ತಡವಾಯಿತೆಂದು ನಾವು ಸಾಗಣೆದಾರನಿಗೆ ದಂಡ ಹಾಕುತ್ತಿದ್ದೆವು. ದಂಡಕ್ಕೆ ಹೆದರಿ ಚಾಲಕರು ಲಾರಿಯನ್ನು ಹಿಂಡಿನೊಳಗೇ ನುಗ್ಗಿಸುತ್ತಿದ್ದರು. ಹಿಂಡು ದಾಟಲು ಕಾದ ಹೊತ್ತನ್ನು ವಿಳಂಬವೆಂದು ಎಣಿಸಬಾರದು ಎಂಬ ಷರತ್ತನ್ನು ಬರೆದವಳು ಅವಳು. ಆಮೇಲೆ ಕುರಿ ಸಾಯುವುದೂ ನಿಂತಿತು, ಜಗಳವೂ ನಿಂತಿತು.

ಅದನ್ನು ನಾನು ತಿದ್ದಿಕೊಟ್ಟೆನೆಂದು ನನ್ನ ನೆನಪು. ಎಷ್ಟು ತಿದ್ದಿದೆ? ಹಳೆಯ ಕಡತ ತೆಗೆದು ನೋಡಬಹುದು, ಈವರೆಗೆ ನೋಡಿಲ್ಲ. ಸಂಘದಲ್ಲಿ ಮೇಲಿನ ದರ್ಜೆಯ ಸದಸ್ಯನಾಗಲು ಸ್ವಂತ ಕೆಲಸದ ಮಾದರಿಯೊಂದನ್ನು ಕೇಳಿದ್ದರು. ಆ ಷರತ್ತನ್ನೇ ಕಳಿಸಿದೆ. ಸದಸ್ಯತ್ವ ಬಂತು, ಶಾಲು ಹೊದಿಸಿದರು.

ಮರುವರ್ಷ ಅವಳೂ ಪ್ರಮಾಣಪತ್ರದ ಅರ್ಜಿಯೊಂದಿಗೆ ಅದನ್ನೇ ಕಳಿಸಿದಳು. ಇದು ಯಾರದು ಎಂದು ಸಂಘದವರು ಮಾರ್ಗದರ್ಶಕನಾದ ನನ್ನನ್ನೇ ಕೇಳಿದರು. 'ನನ್ನ ಮಾರ್ಗದರ್ಶನದಲ್ಲಿ ಸಿದ್ಧವಾದದ್ದು' ಎಂದು ಉತ್ತರಿಸಿದೆ. ಸುಳ್ಳೆಂದು ಯಾರೂ ಹಿಡಿಯಲಾಗದ ವಾಕ್ಯ ಕಟ್ಟುವುದೇ ನನ್ನ ಕಸುಬು. ನಕಲು ಎಂದು ಅವಳ ಅರ್ಜಿ ವಾಪಸಾಯಿತು.

ಅವಳು ನನ್ನ ಮೇಜಿನ ಮುಂದೆ ಬಂದು ನಿಂತಳು.

"ಸರ್, ಒಂದ್ ಕೇಳ್ತೀನಿ, ಬೇಜಾರ್ ಮಾಡ್ಕಬ್ಯಾಡ್ರಿ. ನೀವ್ಯಾವಾಗ ಸರ್ ಕುರಿ ಹಿಂದೆ ಹೋಗಿದ್ದು?"

ಪಕ್ಕದ ಗುಮಾಸ್ತ ನಕ್ಕ. ನಾನೂ ನಕ್ಕೆ. ಅದಂತೂ ಚೆನ್ನಾಗಿ ನೆನಪಿದೆ.

"ಮುಂದಿನ ವರ್ಷ ಬೇರೇದು ಕಳ್ಸಮ್ಮ," ಎಂದೆ.

"ಮುಂದಿನ್ ವರ್ಷ ಎಲ್ಲಿರ್ತೀನೋ ಏನೋ. ಆ ಕಾಯಂ ಕೆಲ್ಸಕ್ಕೆ ಬೇರೆಯೋರ್ನ ತಗಂಡ್ರಂತೆ."

ಕೆಲಸ ಬಿಟ್ಟ ದಿನ ಅನುಭವಪತ್ರ ಕೇಳಿದಳು. ಎರಡು ಪುಟ ಬರೆದುಕೊಟ್ಟೆ. ಶ್ರದ್ಧೆ, ಪ್ರಾಮಾಣಿಕತೆ, ಸಮಯಪಾಲನೆ ಎಲ್ಲವನ್ನೂ ಹೊಗಳಿದ್ದೆ. ಅವಳು ನಿಂತಲ್ಲೇ ಓದಿದಳು.

"ಎಲ್ಲಾ ಐತ್ರಿ ಸರ್. ನಾನ್ ಬರೆದಿದ್ದೊಂದಿಲ್ಲ."

ಪತ್ರವನ್ನು ನನ್ನ ಮುಖಕ್ಕೆ ಎಸೆದು ಹೋಗಬಹುದಿತ್ತು. ಬೇರೆ ಕಡೆ ಕೆಲಸ ಕೇಳಲು ಅದೊಂದೇ ಕಾಗದ ಅವಳ ಬಳಿ ಇದ್ದದ್ದು. ಮಡಚಿ ಚೀಲದಲ್ಲಿಟ್ಟುಕೊಂಡು, "ಬರ್ತೀನ್ರಿ ಸರ್" ಎಂದು ಹೋದಳು.